ಮಲ್‌ಸುನ್ ಅಕ್ಕ ಬೆಸುಗೆ ಬಿಟ್ಟದ್ದು

ಗೋಜೆ ದ್ವೀಪದ ನಮ್ಮ ಹಡಗು ಕಟ್ಟುವ ಕಾರ್ಖಾನೆಯಲ್ಲಿ ಪ್ಯೋ ಮಲ್‌ಸುನ್ ಎಲ್ಲರಿಗೂ ಅಕ್ಕ. ಗಂಡ ತೀರಿಕೊಂಡ ವರ್ಷವೇ ಗಂಡಸರು ತುಂಬಿದ್ದ ವೆಲ್ಡಿಂಗ್ ವಿಭಾಗಕ್ಕೆ ಬಂದು ಸೇರಿದವಳು. ಅವಳ ಬೆಸುಗೆಯ ಮೇಲೆ ಬೆರಳಾಡಿಸಿದರೆ ಎಲ್ಲೂ ತಡೆಯುತ್ತಿರಲಿಲ್ಲ.

ಕಳೆದ ಚಳಿಗಾಲಕ್ಕೆ ಕಿಮ್ಚಿ ಉಪ್ಪಿನಕಾಯಿ ಹಾಕುವಾಗ ಎಚ್ಚರ ತಪ್ಪಿ ಬಿದ್ದಳು. ಬುಸಾನ್ ನಗರದ ಆಸ್ಪತ್ರೆಯಲ್ಲಿ ಅವಳ ಎದೆಯ ಚರ್ಮದಡಿ ಒಂದು ಪುಟ್ಟ ಯಂತ್ರ ಇಟ್ಟರು. ಹೃದಯ ಅಡ್ಡಾದಿಡ್ಡಿ ಬಡಿದುಕೊಂಡರೆ ಅದು ಒಳಗಿನಿಂದಲೇ ಶಾಕ್ ಕೊಟ್ಟು ಸರಿಪಡಿಸುತ್ತದೆ.

"ಇನ್ನು ವೆಲ್ಡಿಂಗ್ ಬೇಡಮ್ಮ. ಅದರ ಕರೆಂಟನ್ನೇ ಈ ಯಂತ್ರ ನಿಮ್ಮ ಹೃದಯ ಅಡ್ಡಾದಿಡ್ಡಿ ಬಡೀತಿದೆ ಅಂದ್ಕೊಂಡು ಶಾಕ್ ಕೊಟ್ಬಿಡುತ್ತೆ," ಎಂದರು ವೈದ್ಯರು.

ಕೆಲಸಕ್ಕೆ ಮರಳಿದ ದಿನ ಫೋರ್‌ಮನ್ ತಾಕ್ ಗಿಬೋಂಗ್ ಅವಳನ್ನು ತಡೆದು ನಿಲ್ಲಿಸಿದ. ಅವಳಿಂದಲೇ ಕೆಲಸ ಕಲಿತವನು.

"ಅಕ್ಕಾ, ಡಾಕ್ಟ್ರು ಏನಂದ್ರು? ನಿಜ ಹೇಳು."

"ನಿನ್ನ ಹೃದಯಕ್ಕಿಂತ ನಂದೇ ಗಟ್ಟಿ ಅಂದ್ರು ಕಣೋ. ಹೆಲ್ಮೆಟ್ ಕೊಡಿಲ್ಲಿ."

"ವೆಲ್ಡಿಂಗ್ ಮಾಡ್ಬಹುದಂತಾ?"

"ಹೂಂ, ಮಾಡ್ಬಹುದಂತೆ."

ಅವನು ನಂಬಿದ.

ವಸಂತದ ತನಕ ಏನೂ ಆಗಲಿಲ್ಲ. ಒಂದು ಬೆಳಿಗ್ಗೆ ಹಡಗಿನ ಒಡಲಿನ ಇಕ್ಕಟ್ಟಿನಲ್ಲಿ, ಅಟ್ಟಣೆಯ ಮೇಲೆ ಕೂತು, ಕೇಬಲ್ಲನ್ನು ಹೆಗಲ ಮೇಲೆ ಹಾಕಿಕೊಂಡು ಬೆಸುಗೆ ಹಾಕುತ್ತಿದ್ದಳು. ಯಂತ್ರ ಮೋಸಹೋಯಿತು. ಕತ್ತೆ ಎದೆಗೆ ಒದ್ದಂಥ ಶಾಕ್. ಅಕ್ಕ ಕೆಳಗುರುಳಿದಳು. ಕೆಳಗಿದ್ದ ತಾಕ್ ಕೈಚಾಚಿ ಹಿಡಿದ, ಹಿಡಿದವನೂ ಬಿದ್ದ. ಅವಳಿಗೆ ತರಚು ಗಾಯ. ಅವನ ಬಲ ಮೊಣಕೈ ಕಬ್ಬಿಣದ ಅಂಚಿಗೆ ಬಡಿದು ನುಚ್ಚುನೂರಾಯಿತು.

ಅಕ್ಕ ಗಂಜಿ ತೆಗೆದುಕೊಂಡು ಆಸ್ಪತ್ರೆಗೆ ಹೋದಾಗ ಅದೇ ವಿಭಾಗದಲ್ಲಿ ದುಡಿಯುವ ನಾನೂ ಜೊತೆಗಿದ್ದೆ.

"ಡಾಕ್ಟ್ರು ಬೇಡ ಅಂದಿದ್ರು ಕಣೋ," ಎಂದಳು. "ಗೋದಾಮಲ್ಲಿ ಲೆಕ್ಕ ಬರೆಯೋಕೆ ಕೂರಿಸ್ಬಿಡ್ತೀಯ ಅಂತ ಹೆದ್ರಿ ಸುಳ್ಳು ಹೇಳ್ದೆ."

ತಾಕ್ ಗಂಜಿಯ ಪಾತ್ರೆಯನ್ನು ಎಡಗೈಯಿಂದ ಪಕ್ಕಕ್ಕೆ ಸರಿಸಿದ.

"ಹೊಸಬರಿಗೆ ಕಲಿಸೋ ಕೆಲ್ಸ ನಿಂಗೆ ಅಂತಲೇ ಮೇಲಿನವ್ರ ಹತ್ರ ಮಾತಾಡಿಟ್ಟಿದ್ದೆ ಅಕ್ಕಾ. ದೂರ ನಿಂತು ಬಾಯಲ್ಲಿ ಹೇಳಿದ್ರೆ ಸಾಕಿತ್ತು. ನೀನು ಚೆನ್ನಾಗಿದೀನಿ ಅಂದ್ಯಲ್ಲ, ಅಕ್ಕಂಗೆ ಆ ಕೆಲ್ಸ ಬೇಡ ಅಂತ ಅವ್ರಿಗೆ ಹೇಳ್ಬಿಟ್ಟೆ."



ತಾಕ್‌ನ ಬಲಗೈ ಮತ್ತೆ ಮಡಚಲು ಬರಲಿಲ್ಲ. ಕಲಿಸುವ ಕೆಲಸ ಈಗ ಅವನದೇ. ಅಕ್ಕ ಕ್ಯಾಂಟೀನಿನಲ್ಲಿ ಅನ್ನ ಬಡಿಸುತ್ತಾಳೆ. ಮಧ್ಯಾಹ್ನ ಅವನು ಸಾಲಿನಲ್ಲಿ ಬಂದು ತಟ್ಟೆಯನ್ನು ಎಡಗೈಯಲ್ಲಿ ಚಾಚುತ್ತಾನೆ. "ಇನ್ನೊಂಚೂರು ಹಾಕ್ಲಾ?" ಎಂದರೆ "ಸಾಕಕ್ಕಾ" ಎಂದು ಮರ್ಯಾದೆಯಿಂದ ತಲೆಬಾಗಿ ಮುಂದೆ ಹೋಗುತ್ತಾನೆ.

"ಅವ್ನು ನನ್ನ ಒಂದ್ಸಲ ಬೈದ್ಬಿಟ್ಟಿದ್ರೆ ಸಾಕಾಗಿತ್ತು," ಎನ್ನುತ್ತಾಳೆ ಅಕ್ಕ, ಪಾತ್ರೆ ತೊಳೆಯುತ್ತಾ.