ಆಟದ ಮೇಡಂ ನನ್ನನ್ನು ಕಾಯಿ ಮಾಡಿದ್ದು

ಅವರ ಸೀರೆ ಮೊಣಕಾಲಿನ ಹತ್ತಿರ ಯಾವತ್ತೂ ಮಣ್ಣಾಗಿರುತ್ತಿತ್ತು. ಉಗುರು ಸಂದಿಯಲ್ಲಿ ಕೆಂಪು, ನೀಲಿ ಬಣ್ಣದ ಜೇಡಿಮಣ್ಣು. ಐವತ್ತರ ಹೆಂಗಸು ನೆಲದ ಮೇಲೆ ಅಂಬೆಗಾಲಿಡುತ್ತಲೇ ಬಂದು ನಮಸ್ಕಾರ ಹೇಳಿದಾಗ, ತಿಪಟೂರಿನ ಡಾಕ್ಟರು ನಮ್ಮನ್ನು ತಪ್ಪು ಬಾಗಿಲಿಗೆ ಕಳಿಸಿದ್ದಾರೆ ಎಂದುಕೊಂಡೆ. ಆಟವಾಡಿಸಿಯೇ ಮಕ್ಕಳ ಮನಸ್ಸಿನ ಗಾಯ ವಾಸಿ ಮಾಡುವವರಂತೆ; ಮಕ್ಕಳೆಲ್ಲ ಅವರನ್ನು ಆಟದ ಮೇಡಂ ಎನ್ನುತ್ತಿದ್ದರು. ಆಟಕ್ಕೂ ಒಬ್ಬ ಮೇಡಮ್ಮೇ? ಮೂವತ್ತಾರು ವರ್ಷ ಟೀಚರಾಗಿದ್ದು, ಆಟದ ಪಿರಿಯಡ್ಡಿನಲ್ಲೂ ಮಗ್ಗಿ ಹೇಳಿಸಿದವಳು ನಾನು. ಮೈ ಉರಿಯಿತು.

ಆದರೆ ಬೇರೆ ಗತಿಯಿರಲಿಲ್ಲ. ಹಾಲ್ಕುರಿಕೆ ಹತ್ತಿರದ ನಮ್ಮ ತೋಟದಲ್ಲಿ ಏಳು ವರ್ಷದ ಮೊಮ್ಮಗಳ ಭುಜದ ಮೇಲೆ ತೆಂಗಿನಕಾಯಿ ಬಿದ್ದಿತ್ತು. ಮೂಳೆ ಕೂಡಿಕೊಂಡಿತು, ಮಾತು ನಿಂತುಹೋಯಿತು. ಎರಡು ತಿಂಗಳು ತಲೆಯಾಡಿಸಿದ್ದು ಬಿಟ್ಟರೆ ಒಂದಕ್ಷರ ಆಡಲಿಲ್ಲ. ಹರಕೆ ಹೊತ್ತೆ, ತಾಯಿತ ಕಟ್ಟಿಸಿದೆ, ಕೊನೆಗೆ ಗದರಿಯೂ ನೋಡಿದೆ. ಮಗು ಇನ್ನು ಮಾತೇ ಆಡುವುದಿಲ್ಲವೇನೋ ಎಂಬ ಭಯ ನನ್ನನ್ನು ತಿನ್ನುತ್ತಿತ್ತು.

ಮೇಡಂ ಕೋಣೆಯಲ್ಲಿ ಮರಳು, ಬೊಂಬೆ, ಜೇಡಿಮಣ್ಣು, ತೆಂಗಿನ ಚಿಪ್ಪು, ನೆಲದ ಮೇಲೊಂದು ಹಾಸಿಗೆ. ಅಲ್ಲಿ ದೊಡ್ಡವರು ಯಾಕೆ, ಏನು ಎಂದು ಕೇಳುವಂತಿರಲಿಲ್ಲ. ಮೊಮ್ಮಗಳು ಒಂದು ಬೊಂಬೆಯ ಮೇಲೆ ಚಿಪ್ಪು ಬೀಳಿಸಿ, ಅದನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದಳು. ಮತ್ತೆ ಬೀಳಿಸಿದಳು, ಮತ್ತೆ ನಿಲ್ಲಿಸಿದಳು. ನಾನು ಮಕ್ಕಳಿಗೆ ಕೊಡುತ್ತಿದ್ದ ಶಿಕ್ಷೆಯೇ ಅದು. ತಡೆಯಲಾರದೆ, ಅದೇನು ತಪ್ಪು ಮಾಡಿದೆ ಎಂದು ಕೇಳಿಬಿಟ್ಟೆ. ಮೇಡಂ ನಗುತ್ತಲೇ ನನಗೆ ಬಾಗಿಲು ತೋರಿಸಿದರು. ಎಷ್ಟೋ ಮಕ್ಕಳನ್ನು ಕ್ಲಾಸಿನಿಂದ ಆಚೆ ಹಾಕಿದ್ದೆ. ನಾನೇ ಆಚೆ ನಿಂತದ್ದು ಅದೇ ಮೊದಲು. ಹೊರಗೆ ಬೆಂಚಿನ ಮೇಲಿದ್ದ ಇನ್ನೊಂದು ಮಗುವಿನ ತಾತ, ತಮ್ಮನ್ನು ಎರಡು ಸಲ ಆಚೆ ಹಾಕಿದ್ದಾರೆಂದು ಸಮಾಧಾನ ಹೇಳಿದರು.

ನಾಲ್ಕನೇ ವಾರ ನನ್ನನ್ನು ಮತ್ತೆ ಒಳಗೆ ಸೇರಿಸಿದರು. ಅಂದು ಮೊಮ್ಮಗಳು ಬೊಂಬೆಯ ಕಿವಿಯಲ್ಲಿ, ಥೇಟ್ ನನ್ನ ಧಾಟಿಯಲ್ಲಿ ಪಿಸುಗುಟ್ಟಿದಳು: "ಕಾಯಿಗೆ ಮೂರು ಕಣ್ಣವೆ ಕಣೇ. ಪಾಪ ಮಾಡ್ದೋರ ಮೇಲೇ ಬೀಳೋದು. ಮುದ್ದೇನ ನಾಯಿಗೆ ಹಾಕ್ಬುಟ್ಟು 'ತಿಂದೆ' ಅಂದ್ಯಲ್ಲ."

ಆ ಸುಳ್ಳು ಹೇಳಿದ್ದು ಬೊಂಬೆಯಲ್ಲ, ಅವಳೇ. ತೋಟದಲ್ಲಿ ಹೆದರದೆ ಓಡಾಡಲಿ ಎಂದು ಆ ಕಣ್ಣಿನ ಮಾತನ್ನು ಹೇಳಿಕೊಟ್ಟವಳು ನಾನೇ. ನಮ್ಮ ಕಡೆ ಎಲ್ಲರೂ ಹೇಳುತ್ತಾರೆ, ನಾನೂ ಹೇಳಿದ್ದೆ. ಈಗ ಉಪದೇಶಕ್ಕೆ ಬಾಯಿ ತೆರೆದೆ. ಅಷ್ಟರಲ್ಲಿ ಮೇಡಂ, "ಅಜ್ಜೀನೂ ಆಟಕ್ಕೆ ಸೇರಿಸ್ಕೊಳಮ್ಮ, ಪಾಪ" ಎಂದರು.

ಮೊಮ್ಮಗಳು ಚಿಪ್ಪನ್ನು ಪಕ್ಕಕ್ಕಿಟ್ಟು ನನ್ನನ್ನೇ ಕಾಯಿ ಮಾಡಿದಳು. ಕನ್ನಡಕ ತೆಗೆದು, ಹಸಿರು ಬೆಡ್‌ಶೀಟನ್ನು ತಲೆಯಿಂದ ಸುತ್ತಿದಳು. ಮರದ ಮೇಲಿನ ಕಾಯಿಗೆ ಸಿಪ್ಪೆ ಇರಬೇಕಲ್ಲ.

"ಏನೂ ಕಾಣ್ತಿಲ್ಲ ಕಣವ್ವ" ಎಂದೆ. ನಿಜವಾಗಿಯೂ ಕಾಣುತ್ತಿರಲಿಲ್ಲ.

"ಕಾಣಲ್ವಾ?"

ಮೂರು ತಿಂಗಳ ಮೇಲೆ ಅವಳು ನನ್ನೊಡನೆ ಆಡಿದ ಮೊದಲ ಮಾತು ಅದು.

"ಕಣ್ಣಿನ ಮೇಲೆಲ್ಲ ಸಿಪ್ಪೆ. ಕೆಳಗೆ ಯಾರವ್ರೆ ಅಂತ ನಂಗೇನು ಗೊತ್ತಾಯ್ತದೆ?"

ಅವಳು ಬೆಡ್‌ಶೀಟಿನ ಮೇಲಿಂದಲೇ ನನ್ನ ಕಣ್ಣು ತಡವಿ ನೋಡಿದಳು. ಆಮೇಲೆ, "ಹಂಗಾರೆ ಬೀಳು" ಎಂದಳು. ನನ್ನ ವಯಸ್ಸು, ಮಂಡಿನೋವು ಯಾವುದನ್ನೂ ಲೆಕ್ಕಿಸದೆ ಹಾಸಿಗೆಯ ಮೇಲೆ ಧೊಪ್ಪೆಂದು ಬಿದ್ದೆ. ಅವಳು ಬಿದ್ದು ಬಿದ್ದು ನಕ್ಕಳು. ಆ ನಗು ಕೇಳಿ ನಾನು ಸಿಪ್ಪೆಯೊಳಗೇ ಅತ್ತುಬಿಟ್ಟೆ. "ತಪ್ಪಾಯ್ತು ಕಣವ್ವ" ಎಂದೆ.

"ಬುಡಜ್ಜಿ. ನೀನೇನು ನೋಡ್ಕಂಡು ಬಿದ್ಯಾ?"

ಮೇಡಂ ಕೈಕೊಟ್ಟು ಎಬ್ಬಿಸಿದರು. ವರ್ಷ ತುಂಬುವುದರೊಳಗೆ ಅವರು ಬೇರೆ ಊರಿಗೆ ಹೋದರು, ಮತ್ತೆ ಕಾಣಲಿಲ್ಲ. ಮೂವತ್ತಾರು ವರ್ಷ ಮಕ್ಕಳ ಬಾಯಲ್ಲಿ 'ತಪ್ಪಾಯ್ತು' ಹೇಳಿಸಿದವಳು ನಾನು. ನನ್ನ ಬಾಯಲ್ಲಿ ಅದನ್ನು ಹೇಳಿಸಿದವರು ಅವರೊಬ್ಬರೇ.