ಪಾದ್ರಿಗಳ ವೈನಿಗೆ ನನ್ನ ಮೂಗು

ಎರಡನೆಯ ಮಹಾಯುದ್ಧ ಶುರುವಾದ ಮೇಲೆ ಹಾಸನದ ಸಣ್ಣ ಚರ್ಚೊಂದಕ್ಕೆ ಹಡಗಿನಲ್ಲಿ ಬರುತ್ತಿದ್ದ ಪೂಜೆಯ ವೈನು ನಿಂತುಹೋಯಿತು. ನಾನಾಗ ಊರಿನ ಸ್ಕೂಲಿನಲ್ಲಿ ಮೇಷ್ಟ್ರು. ವಾರಕ್ಕೆ ಮೂರು ಸಂಜೆ ಆ ಚರ್ಚಿನ ಪಾದ್ರಿಗಳಿಗೆ ಕನ್ನಡ ಹೇಳಿಕೊಡಲು ಹೋಗುತ್ತಿದ್ದೆ. ಅವರು ಫ್ರಾನ್ಸಿನಲ್ಲಿ ದ್ರಾಕ್ಷಿ ಬೆಳೆಯುವ ಮನೆಯಿಂದ ಬಂದವರು. ವೈನನ್ನು ತಾವೇ ಮಾಡಲು ಹೊರಟರು. ಕಪ್ಪು ದ್ರಾಕ್ಷಿ ಬೆಂಗಳೂರಿನಿಂದ ರೈಲಿನಲ್ಲಿ ಬಂತು. ಹಸಿರು ದ್ರಾಕ್ಷಿ ಅವರ ಕಾಂಪೌಂಡಿನ ಚಪ್ಪರದ್ದೇ.

ತೊಂದರೆಯೆಂದರೆ, ಹಿಂದಿನ ವರ್ಷದ ವಿಷಮಜ್ವರದಿಂದ ಎದ್ದಮೇಲೆ ಅವರಿಗೆ ವಾಸನೆಯೇ ತಿಳಿಯುತ್ತಿರಲಿಲ್ಲ. ಸಿಹಿ, ಹುಳಿ, ಒಗರು ನಾಲಿಗೆಗೆ ಗೊತ್ತಾಗುತ್ತಿತ್ತು, ಅಷ್ಟೆ.

ಒಂದು ಸಂಜೆ ಪುಸ್ತಕ ಮುಚ್ಚಿ ಎರಡು ಗಾಜಿನ ಲೋಟ ಮುಂದಿಟ್ಟರು. "ಮೇಷ್ಟ್ರೇ, ಇದರ ವಾಸನೆ ಹೇಗಿದೆ, ಹೇಳುತ್ತೀರಾ?"

ನಾನು ಲಿಂಗ ಕಟ್ಟಿದವನು. ಬಾಗೂರಿನ ನಮ್ಮ ಮನೆಯಲ್ಲಿ ಹೆಂಡದ ಹೆಸರೆತ್ತುವಂತಿರಲಿಲ್ಲ. "ನಾನು ಕುಡಿಯೋದಿಲ್ಲ ಸ್ವಾಮಿ" ಎಂದೆ.

"ಕುಡಿಯುವುದು ಬೇಡ, ಮೂಸಿದರೆ ಸಾಕು. ಅಡುಗೆಯವನನ್ನು ಕೇಳಿದರೆ 'ಬೋ ಸಂದಾಗದೆ ಸಾ' ಅನ್ನುತ್ತಾನೆ. ನನಗೆ ಅದು ಸಾಲದು."

ಮೂಸಿ, "ದ್ರಾಕ್ಷಿ ವಾಸನೆ" ಎಂದೆ. ಅವರು ನಕ್ಕುಬಿಟ್ಟರು. ನಾಚಿಕೆಯಾಗಿ ಕಣ್ಣು ಮುಚ್ಚಿ ಇನ್ನೊಮ್ಮೆ ಮೂಸಿದೆ. ಬಿಳಿ ವೈನು ಹೆಸರಿಗಷ್ಟೇ ಬಿಳಿ, ಬಣ್ಣ ಹೊಸ ಹರಳೆಣ್ಣೆಯದು. "ಈಗತಾನೇ ಕುಯ್ದ ಸೀಬೆಹಣ್ಣು. ಅದರ ಹಿಂದೆ ಒದ್ದೆ ಸ್ಲೇಟು" ಎಂದೆ. ಕೆಂಪು ವೈನಿನಲ್ಲಿ ಮೊದಲು ನೇರಳೆಹಣ್ಣು ಬಂತು. ಆಮೇಲೆ ಅರಕಲಗೂಡಿನ ನಮ್ಮ ಮಾವನವರ ಮನೆಯಲ್ಲಿ ಒಣಗಿಸಿ ಪೇರಿಸಿಟ್ಟ ಹೊಗೆಸೊಪ್ಪು. ಅವರು ಎಲ್ಲವನ್ನೂ ಕನ್ನಡದಲ್ಲೇ ಬರೆದುಕೊಂಡರು.

ಮನೆಗೆ ಹೋದರೆ ಹೆಂಡತಿ ಮೂಗು ಅರಳಿಸಿದಳು. "ಏನ್ರೀ ಇದು, ಅಂಗಿ ಎಂಗೋ ವಾಸ್ನೆ ಒಡೀತದೆ?"

ನಡೆದದ್ದನ್ನೆಲ್ಲ ಹೇಳಿದೆ. "ಒಗ್ಗರಣೆ ವಾಸ್ನೇನೂ ತಿಳಿಯಾಕಿಲ್ವಾ ಆ ಪುಣ್ಯಾತ್ಮರಿಗೆ? ಓಗ್ಬನ್ನಿ. ಕುಡೀಬ್ಯಾಡಿ, ಅಷ್ಟೇಯ" ಎಂದಳು.

ಎರಡನೆಯ ವರ್ಷ, ಬಹಳ ದಿನದ ಮೇಲೆ ಪಾದ್ರಿಗಳಿಗೆ ಫ್ರಾನ್ಸಿನಿಂದ ಒಂದು ಕಾಗದ ಬಂತು. ಅವರ ತಾಯಿ ತೀರಿಕೊಂಡು ಆಗಲೇ ಏಳು ತಿಂಗಳಾಗಿತ್ತು. ಕೆಲವು ದಿನ ಕಳೆದು, ತಾಯಿಯ ಹೆಸರಿನ ಪೂಜೆಗೆಂದು ತೆಗೆದಿಟ್ಟ ಕೆಂಪು ವೈನಿನ ಜಾಡಿ ತಂದು ನನ್ನ ಮುಂದಿಟ್ಟರು. "ನಮ್ಮ ಮನೆಯಲ್ಲಿ ಕೆಂಪನ್ನೇ ಮಾಡುತ್ತಿದ್ದೆವು" ಎಂದರು.

ಮೂಸಿದೆ. ನಾಲಿಗೆಗೆ ಇನ್ನೂ ತಿಳಿಯದಷ್ಟು ಸಣ್ಣ ಹುಳಿ ಮೂಗಿಗೆ ಹತ್ತಿತು. ವೈನು ಕೆಡುತ್ತಿತ್ತು. ಚೆನ್ನಾಗಿದೆ ಎಂದುಬಿಟ್ಟರೆ ಅವರಿಗೆ ತಿಳಿಯುತ್ತಿರಲಿಲ್ಲ. ಆದರೆ ಹುಳಿತ ವೈನು ಪೂಜೆಗೆ ಸಲ್ಲದೆಂದು ಅವರೇ ನನಗೆ ಹೇಳಿದ್ದರು. ಜಾಡಿಯನ್ನು ಅವರ ಕಡೆಗೆ ಸರಿಸಿದೆ.

"ಹುಳಿಯಾಗಿದೆ, ಸ್ವಾಮಿ."

ಅವರು ತಲೆಯಾಡಿಸಿದರು. ಎದ್ದುಹೋಗಿ ಬಿಳಿಯದನ್ನು ತಂದರು. ಅವರಿಗೆ ತಿಳಿಯುವುದು ರುಚಿಯೊಂದೇ. ಅದನ್ನು ಬರೀ ಮೂಸಿ ಹೇಳಲು ನನಗೆ ಮನಸ್ಸು ಒಪ್ಪಲಿಲ್ಲ. ಬೆರಳದ್ದಿ ನಾಲಿಗೆಗಿಟ್ಟುಕೊಂಡೆ.

"ಮೇಷ್ಟ್ರೇ!" ಎಂದರು ಗಾಬರಿಯಿಂದ.

"ಚೆನ್ನಾಗಿದೆ, ಸ್ವಾಮಿ. ಮೊದಲು ದ್ರಾಕ್ಷಿಯದೇ ಹುಳಿ, ಸ್ವಲ್ಪ ಒಗರು. ಆಮೇಲೆ ನೆಲ್ಲಿಕಾಯಿ ತಿಂದು ನೀರು ಕುಡಿದ ಹಾಗೆ, ಸಣ್ಣಗೆ ಸಿಹಿ."

ಅವರೂ ಒಂದು ಗುಟುಕು ಕುಡಿದು, ಆ ಸಿಹಿ ಬರುವವರೆಗೆ ಕಾದರು. ಬಂದಿರಬೇಕು, ಕಾಗದ ಬಂದಾಗಿನಿಂದ ಅಳದಿದ್ದವರು ಆಗ ಅತ್ತರು. ನಾನು ಪಕ್ಕದಲ್ಲೇ ಕೂತಿದ್ದೆ. ಆ ಸಂಜೆ ಪಾಠ ನಡೆಯಲಿಲ್ಲ.