ಅಜ್ಜನ ಹಿಟ್ಟಿನ ಮನೆತನ

ದಾಂಡೇಲಿಯ ಕಾಗದದ ಗಿರಣಿ ಇನ್ನೂ ಹೊಸದಾಗಿದ್ದಾಗ ನಾನು ಆ ಊರಿನ ಶಾಲೆಯಲ್ಲಿ ವಿಜ್ಞಾನದ ಮಾಸ್ತರ. ಒಂದು ಬೆಳಗ್ಗೆ ಬೇಕರಿಯ ಇಮಾಮಸಾಬರು ಬಟ್ಟಲಲ್ಲಿ ಹುಳಿ ಹಿಟ್ಟು ಹಿಡಿದು ಶಾಲೆಗೆ ಬಂದರು. ಅವರಜ್ಜ ಹಳಿಯಾಳದಲ್ಲಿ ಕಲಸಿದ್ದ ಹಿಟ್ಟದು; ದಿನಾ ಒಂದು ಮುದ್ದೆ ಉಳಿಸಿ ಮರುದಿನದ ಪಾವ್ ಬ್ರೆಡ್ಡಿನ ಹಿಟ್ಟಿಗೆ ಬೆರೆಸುತ್ತ ಬಂದಿದ್ದರು. ಈಗ ಸಾಬರ ಮಗ ಅದನ್ನು ಚೆಲ್ಲಿ, ಹಿಟ್ಟು ಉಬ್ಬಿಸಲು ಡಬ್ಬಿಯ ಈಸ್ಟ್ ತರೋಣ ಅನ್ನುತ್ತಿದ್ದ.

“ಅಜ್ಜಂದು ಇದರಾಗ ಏನರ ಉಳದೈತೇನ್ರಿ ಮಾಸ್ತರ? ಇಲ್ಲಂದ್ರ ಇವತ್ತ ಚೆಲ್ಲತೇನಿ.”

ಒಂದು ಹನಿ ಸೂಕ್ಷ್ಮದರ್ಶಕದಡಿ ಇಟ್ಟೆ. ಸಾಬರು ಬಗ್ಗಿ ಕಣ್ಣಿಟ್ಟರು. ಬೆಳಕಿನ ಕೆರೆಯಲ್ಲಿ ಮುತ್ತಿನಂಥ ಕಣಗಳು ತೇಲುತ್ತಿದ್ದವು. ಕೆಲವುಗಳ ಮೈಮೇಲೆ ಸಣ್ಣ ಮೊಗ್ಗು. ಇವೇ ಈಸ್ಟ್, ಹಿಟ್ಟು ಉಬ್ಬಿಸುವ ಜೀವಿಗಳು; ಮೊಗ್ಗು ಬೆಳೆದು ಕಳಚಿಕೊಂಡರೆ ಅದೇ ಇನ್ನೊಂದು ಈಸ್ಟ್, ಗಂಡು ಹೆಣ್ಣಿನ ಗೊಡವೆಯೇ ಇಲ್ಲ ಎಂದೆ.

“ಲಗ್ನಾನ ಇಲ್ಲದ ಮನೆತನ ಅನ್ರಿ!” ಎಂದು ನಕ್ಕರು. ಆಮೇಲೆ ಮೆಲ್ಲಗೆ, “ಇದರಾಗ ಅಜ್ಜನ ಕಾಲದ್ದು ಯಾವದ್ರಿ?”

ಎಲ್ಲವೂ ಅಜ್ಜನವೇ ಅನ್ನಬಹುದಿತ್ತು. ನನ್ನ ನಾಲಗೆ ಸುಮ್ಮನಿರಬೇಕಲ್ಲ. “ನಡುವ ದೊಡ್ಡದೊಂದು ಹೊಳ್ಯಾಕತ್ತೈತಲ್ಲ, ಅದ ನೋಡ್ರಿ.”

ಸಾಬರು ಅದಕ್ಕೆ ಸಲಾಂ ಮಾಡಿ, ಬಟ್ಟಲನ್ನು ಎದೆಗವಚಿಕೊಂಡು ಮನೆಗೆ ಹೋದರು. ಹಿಟ್ಟು ಉಳಿಯಿತು. ನಾನು ತೋರಿಸಿದ್ದು ಬರೀ ಗಾಳಿಗುಳ್ಳೆ. ಅದಕ್ಕೆ ಸಿಕ್ಕಷ್ಟು ಗೌರವ ಆ ಶಾಲೆಯಲ್ಲಿ ನನಗೂ ಯಾರೂ ಕೊಟ್ಟಿರಲಿಲ್ಲ.